ಹೊಂಗೆಗಡ್ಡೆಯ ಕೊನೆಯ ಒಕ್ಕಲು

ಧರ್ಮೇಂದ್ರ ಬಾಗಿಲೆಳೆದು ಬೀಗ ಜಡಿಯುವಷ್ಟರಲ್ಲಿ ಅವನ ಹೆಂಡತಿ ಜಗದಾಂಬಾ ಬೀಗವನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನ ತಾಯಿ ಹಾಲಮ್ಮನ ಹೆಣವನ್ನು ಆಗಲೇ ಹರಿಗೋಲಿನಲ್ಲಿ ಮಲಗಿಸಿಯಾಗಿತ್ತು. ಆಚೆ ದಡದಲ್ಲಿ ಭದ್ರಾವತಿಯ ಓಲ್ಡ್ ಟೌನಿನ ಜನ ಚಟ್ಟ ಕಟ್ಟಿಕೊಂಡು ಕಾದಿದ್ದರು.

“ಸಾವಾದ ಮನೆಗೆ ಬೀಗ ಹಾಕ್ತಾರೇನ್ರೀ? ಅತ್ತೆ ಜೀವ ಬಿಟ್ಟ ಜಾಗದಲ್ಲಿ ದೀಪ ಇಟ್ಟಿದೀನಿ. ಹನ್ನೊಂದು ದಿನ ಅದು ಆರಬಾರ್ದು.”

ದೀಪವನ್ನು ಶಿವಮೊಗ್ಗದ ತಮ್ಮ ಬಾಡಿಗೆ ಮನೆಯಲ್ಲಿಟ್ಟರಾಯಿತು ಎಂದ ಧರ್ಮೇಂದ್ರ. ಹಾಗಾದರೆ ಅತ್ತೆಯ ಜೀವವನ್ನೂ ಸಿಟಿ ಬಸ್ ಹತ್ತಿಸಿಕೊಂಡು ಹೋಗುತ್ತೀರಾ ಎಂದು ಅವಳು ಕೇಳಿದಳು. ಹರಿಗೋಲು ನಡೆಸುವ ಗೋವಿಂದಯ್ಯ ನಗು ಬಂದರೂ ನಗಬಾರದ ಹೊತ್ತೆಂದು ಹುಟ್ಟು ನೋಡುತ್ತ ಕೂತ. ಹೆಣ ಬಿಸಿಲಿನಲ್ಲಿತ್ತು. ಹೆಂಡತಿಯ ಎದುರು ಗೆಲ್ಲಲಾಗದೆ ಧರ್ಮೇಂದ್ರ ಹರಿಗೋಲು ಹತ್ತಿದ.

ಜಗದಾಂಬಾಳಿಗೆ ದೀಪದ್ದೊಂದೇ ಚಿಂತೆಯಾಗಿರಲಿಲ್ಲ. ಮಾರನೆಯ ದಿನ ಸೋಮವಾರ, ನಡುಗಡ್ಡೆಯ ಮಣ್ಣು ಪರೀಕ್ಷೆ ಮಾಡುವವರು ಬರಲಿದ್ದರು. ಬೀಗ ಕಂಡರೆ ಅವರು ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋಗುವವರೇ.

*

ಭದ್ರಾ ಹೊಳೆಯ ನಡುವಿನ ಹೊಂಗೆಗಡ್ಡೆಯಲ್ಲಿ ಒಂದು ಕಾಲಕ್ಕೆ ಹದಿನೇಳು ಮನೆಗಳಿದ್ದವು. ಸೌತೆ, ಕುಂಬಳ ಬೆಳೆದು ಭದ್ರಾವತಿಯ ಪೇಟೆಗೆ ಹಾಕುತ್ತಿದ್ದರು. ಒಂದು ಬೇಸಿಗೆಯಲ್ಲಿ ಹೊಳೆ ಇಳಿದಿದ್ದಾಗ ಮೇಲ್ಗಡೆಯ ಒಂದು ಖಾಸಗಿ ಕಾರ್ಖಾನೆಯವರು ಟ್ರ್ಯಾಕ್ಟರಿನಲ್ಲಿ ಕಪ್ಪು ಕೆಸರು ತಂದು ಸುರಿದರು. ಒಳ್ಳೆಯ ಗೊಬ್ಬರ, ಬಿಟ್ಟಿ ಕೊಡುತ್ತಿದ್ದೇವೆ ಎಂದರು. ಬಿಟ್ಟಿ ಅಂದರೆ ಯಾರು ಬಿಡುತ್ತಾರೆ? ಗಡ್ಡೆಯವರೇ ಬುಟ್ಟಿಯಲ್ಲಿ ಹೊತ್ತು ಬಳ್ಳಿಯ ಬುಡಬುಡಕ್ಕೂ ಹಾಕಿದರು. ಹಾಲಮ್ಮನಂತೂ ಎರಡು ಬುಟ್ಟಿ ಹೆಚ್ಚೇ ಹೊತ್ತಳು.

ಬಳ್ಳಿ ಸುಟ್ಟುಹೋಯಿತು. ಬಾವಿಯ ನೀರು ಕೆಂಪಾಯಿತು, ಗಬ್ಬದ ಎಮ್ಮೆಗಳು ಕಂದು ಹಾಕಿದವು, ಮಕ್ಕಳ ಕಾಲಲ್ಲಿ ಹುಣ್ಣು ಬಿದ್ದವು. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿ ಯಜಮಾನ ಊರು ಬಿಟ್ಟಿದ್ದ. ಮೊದಲು ಪಕ್ಕದ ಮನೆಯ ಶಕುಂತಲಮ್ಮ ಹೆಂಚು, ಬಾಗಿಲು ಎಲ್ಲ ಬಿಚ್ಚಿಕೊಂಡು ಓಲ್ಡ್ ಟೌನಿಗೆ ಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಹೋದರು. ಉಳಿದವಳು ಹಾಲಮ್ಮ ಒಬ್ಬಳೇ. ಕುಡಿಯುವ ನೀರನ್ನು ಗೋವಿಂದಯ್ಯ ಆಚೆ ದಡದಿಂದ ಕ್ಯಾನಿನಲ್ಲಿ ತಂದುಕೊಡುತ್ತಿದ್ದ.

ಬಂದು ನಮ್ಮ ಜೊತೆ ಇರು, ನಿನಗೂ ಒಳ್ಳೆಯದು ನಮಗೂ ಒಳ್ಳೆಯದು ಎಂದು ಮಗ ಬಂದಾಗಲೆಲ್ಲ ಜಗಳ ಕಾಯುತ್ತಿದ್ದ. ಅವಳದು ಒಂದೇ ಉತ್ತರ.

“ಕೆಡಿಸಿದೋರು ಹೇಳ್ದೆ ಕೇಳ್ದೆ ಓಡಿ ಹೋದ್ರು. ನಾನೂ ಹಂಗೇ ಹೋಗ್ಲೇನೋ?”

ಅರ್ಜಿ ಹಿಡಿದು ಅವಳು ಹತ್ತದ ಕಚೇರಿಯ ಮೆಟ್ಟಿಲಿರಲಿಲ್ಲ. ಕೊನೆಗೆ ಎರಡು ಸಾವಿರದ ನಾಲ್ಕರಲ್ಲಿ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಜನವಸತಿ ಇರುವ ನಡುಗಡ್ಡೆಗಳ ಮಣ್ಣು ಪರೀಕ್ಷಿಸಲು ಸರ್ಕಾರ ಹಣ ಮಂಜೂರು ಮಾಡಿತು. ವಿಷವಿದೆ ಎಂದು ಸಾಬೀತಾದರೆ ಹದಿನೇಳು ಮನೆಗೂ ಬದಲಿ ಜಮೀನು. ಆದರೆ ಜನ ವಾಸವಿರಬೇಕು, ಮಾರ್ಚ್ ಮುಗಿದರೆ ಹಣ ವಾಪಸು. ರೆವಿನ್ಯೂ ಇನ್ಸ್‌ಪೆಕ್ಟರ್ ವೀರಪ್ಪ ಇದನ್ನು ಹೇಳಿ, ಅಲ್ಲಿ ಜನ ಎಲ್ಲಿದ್ದಾರಮ್ಮ ಎಂದು ಕೇಳಿದ್ದ.

“ನಾನಿದೀನಲ್ಲ. ನಾನೇನು ದೆವ್ವನಾ?” ಎಂದಿದ್ದಳು ಹಾಲಮ್ಮ.

ಆ ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ ಅವಳ ಜೀವ ಹೋಯಿತು.

*

ಸ್ಮಶಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ವೀರಪ್ಪನೂ ಬಂದಿದ್ದ, ಅವನೂ ಹಾಕಿದ. ಮನುಷ್ಯ ಕೆಟ್ಟವನಲ್ಲ, ಕೆಲಸ ಕಡಿಮೆಯಾದರೆ ಸಾಕು ಎನ್ನುವ ಜಾತಿ. ಅವನು ಧರ್ಮೇಂದ್ರನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟ.

“ಬೇಜಾರು ಮಾಡ್ಕೋಬೇಡಿ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಗಡ್ಡೇಲಿ ಯಾರೂ ಇಲ್ಲ ಅಂತ ಮಣ್ಣು ಪರೀಕ್ಷೆಯೋರಿಗೆ ಬೆಳಿಗ್ಗೆನೇ ಫೋನ್ ಮಾಡ್ತೀನಿ. ಅವರಿಗೂ ಓಡಾಟ ತಪ್ಪುತ್ತೆ.”

ಒಳ್ಳೆಯದೇ ಆಯಿತಂತೆ. ಇಷ್ಟು ವರ್ಷ ತಾನೇ ತಾಯಿಗೆ ಹೇಳುತ್ತಿದ್ದ ಮಾತು ಪರರ ಬಾಯಲ್ಲಿ ಕೇಳಿದಾಗ ಧರ್ಮೇಂದ್ರನ ಮೈಯೆಲ್ಲ ಉರಿಯಿತು. ಅಮ್ಮ ಒಬ್ಬಳೇ ಹೇಗೆ ಕೂತಿದ್ದಳೋ ಎಂದು ಮೊದಲ ಬಾರಿಗೆ ಅವನಿಗೆ ಅಳು ಬಂತು. ಅವನು ಕೈಯ ಮಣ್ಣು ಕೊಡವಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ಅಮ್ಮನ ದೀಪ ಗಡ್ಡೇಲಿದೆ. ಮಣ್ಣು ಕೊಟ್ಟೋರೆಲ್ಲ ನೋಡ್ಕೊಂಡೇ ಮನೆಗೆ ಹೋಗ್ಬೇಕು. ಸಾಹೇಬ್ರೂನೂ.”

ಮಣ್ಣಿಗೆ ಹೋದವರು ಮಿಂದು, ಸಾವಿನ ಮನೆಯ ದೀಪ ನೋಡದೆ ತಮ್ಮ ಮನೆ ಹೊಗುವ ಹಾಗಿಲ್ಲ. ಹೊಕ್ಕರೆ ಸಾವು ಬೆನ್ನಿಗೇ ಬರುತ್ತದೆ ಎನ್ನುವ ಭಯ ರೆವಿನ್ಯೂ ಇಲಾಖೆಗೂ ಇದೆ. ಗಂಡಸರು ಮಿಂದು ಒದ್ದೆ ಬಟ್ಟೆಯಲ್ಲೇ ಬಂದರು, ದಂಡೆಯಲ್ಲಿ ಕಾದಿದ್ದ ಹೆಂಗಸರು ಜೊತೆಗೂಡಿದರು. ಗೋವಿಂದಯ್ಯ ತೋಳು ಸೋಲುವ ತನಕ ಹರಿಗೋಲು ತಿರುಗಿಸಿದ. ಗಡ್ಡೆ ಬಿಟ್ಟ ಮೇಲೆ ಇತ್ತ ಕಾಲಿಡದವರೂ ಬಂದು ದೀಪಕ್ಕೆ ಕೈಮುಗಿದರು.

ದೀಪದ ಪಕ್ಕ ಕೂತಿದ್ದ ಜಗದಾಂಬಾಳನ್ನು ಶಕುಂತಲಮ್ಮ ಏನಾದರೂ ಉಂಡೆಯಾ ಎಂದು ಕೇಳಿದಳು.

“ಸಾವಿನ ಮನೇಲಿ ಒಲೆ ಹಚ್ಚಂಗಿಲ್ಲ. ಅಕ್ಕಪಕ್ಕದೋರು ಬೇಯಿಸಿ ಕೊಡ್ಬೇಕು. ಅಕ್ಕಪಕ್ಕ ಯಾರಿದ್ದಾರೆ ಶಕುಂತಲಮ್ಮ?”

ಮೊದಲು ಗಡ್ಡೆ ಬಿಟ್ಟವಳು ಶಕುಂತಲಮ್ಮನೇ. ಹಾಲಮ್ಮನ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಸೆರಗು ಸಿಕ್ಕಿಸಿದಳು.

“ನಾವಿದೀವಿ ಮಾರಾಯ್ತಿ. ಮೂರು ದಿನ ನಾವೇ ಬೇಯಿಸ್ತೀವಿ. ನಾಳೆ ಯಾರು ಬರ್ತಾರೋ ಬರ್ಲಿ, ನೋಡ್ಲಿ.”

ಗೋವಿಂದಯ್ಯ ಮತ್ತೆ ಹುಟ್ಟು ಹಿಡಿದ. ಅಕ್ಕಿ ಬಂತು, ಪಾತ್ರೆ ಬಂತು, ಕ್ಯಾನುಗಳಲ್ಲಿ ನೀರು ಬಂತು. ಒಬ್ಬೊಬ್ಬರೂ ಗಿಡಗಂಟಿ ಸರಿಸಿ ತಮ್ಮ ತಮ್ಮ ಮನೆಯ ಜಾಗ ಹುಡುಕಿ ಮೂರು ಕಲ್ಲಿನ ಒಲೆ ಹೂಡಿದರು. ಸಂಜೆಯ ಹೊತ್ತಿಗೆ ಸೂರಿಲ್ಲದ ಮನೆಗಳಿಂದ ಹೊಗೆ ಎದ್ದಿತು.

ವೀರಪ್ಪ ದೀಪ ನೋಡಿ ಹೊರಗೆ ಬಂದು, ಹರಿಗೋಲು ಎಲ್ಲಿ ಎಂದು ಅತ್ತಿತ್ತ ನೋಡುತ್ತಿದ್ದ. ಶಕುಂತಲಮ್ಮ ಸೌಟು ಹಿಡಿದೇ ಕರೆದಳು.

“ಬನ್ನಿ ಸಾಹೇಬ್ರೆ, ಒಂದು ತುತ್ತು ಉಂಡು ಹೋಗಿ. ನಮ್ಮನೆ ಇದೇನೆ.”

ಮೊಣಕಾಲೆತ್ತರದ ಮಣ್ಣಿನ ಗೋಡೆ, ಒಂದು ಹೊಸ್ತಿಲು, ಅಷ್ಟೇ ಇತ್ತು. ವೀರಪ್ಪ ಹೊಗೆ ಏಳುತ್ತಿದ್ದ ಒಲೆಗಳನ್ನು ಕಣ್ಣಲ್ಲೇ ಎಣಿಸಿದ. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲೇ ಇಲ್ಲದ ಕಡೆ ತಲೆ ಬಗ್ಗಿಸಿ ಒಳಗೆ ಬಂದ.