ಅಪ್ಪ ಹಾಕಿದ ರಿಂಗು

ಸೋಮವಾರ ಬಂತೆಂದರೆ ಏಣಿಯ ಗುರಿ ಕೈಕೊಡುತ್ತಿತ್ತು.

ಏಣಿ ಎನ್ನುವುದು ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗಿಯರು ಇಟ್ಟ ಹೆಸರು. ಆರಡಿ ಎರಡಿಂಚಿನವಳನ್ನು ಇನ್ನೇನೆಂದು ಕರೆಯುತ್ತಾರೆ? ಹಾಸ್ಟೆಲಿನಲ್ಲಿ ಬಲ್ಬು ಹೋದರೂ ಅವಳಿಗೇ ಕೂಗು, ಅಟ್ಟದ ಸೂಟ್‌ಕೇಸ್ ಇಳಿಸಲೂ ಅವಳೇ. ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡಕ್ಕೆ ಸೇರಿ ಎರಡನೇ ವರ್ಷ. ಓಟದಲ್ಲಾಗಲಿ ಪಾಸಿನಲ್ಲಾಗಲಿ ಅವಳತ್ತ ಬೆರಳು ತೋರಿಸುವಂತಿರಲಿಲ್ಲ. ಯಾರ ಅಡ್ಡಿಯೂ ಇಲ್ಲದೆ, ಗೆರೆಯ ಹಿಂದೆ ನಿಂತು ಎಸೆಯುವ ಫ್ರೀ ಥ್ರೋದಲ್ಲಿ ಮಾತ್ರ ಬಾಲು ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್ ಬರುತ್ತಿತ್ತು. ಅದೂ ಸೋಮವಾರ, ಮಂಗಳವಾರ. ಗುರುವಾರದ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು.

ಕೋಚ್ ಎಲ್ಲವನ್ನೂ ಬರೆದಿಡುವ ಹೆಂಗಸು. ಒಂದು ದಿನ ಪುಸ್ತಕ ತೆರೆದು ತೋರಿಸಿದರು. "ನೋಡಮ್ಮಾ, ಭಾನುವಾರ ಮನೆಗೆ ಹೋಗಿ ನೀನು ಏನು ತಿಂತೀಯೋ, ಎಷ್ಟು ನಿದ್ದೆ ಮಾಡ್ತೀಯೋ ನಂಗೊತ್ತಿಲ್ಲ. ಇನ್ನು ಮೂರು ಸೋಮವಾರ ಇದೆ. ಹತ್ತಕ್ಕೆ ಎಂಟು ಹಾಕು. ಇಲ್ದಿದ್ರೆ ಮುಂದಿನ ವರ್ಷಕ್ಕೆ ನಾನು ಬೇರೆಯವಳನ್ನ ಹುಡುಕಬೇಕಾಗುತ್ತೆ."

ನಿದ್ದೆಯೆಲ್ಲಿ ಬಂತು? ಪ್ರತಿ ಭಾನುವಾರ ಅವಳು ಮನೆಯ ಹಿತ್ತಿಲಲ್ಲಿ ಇನ್ನೂರು ಬಾಲು ಎಸೆಯುತ್ತಿದ್ದಳು. ಅಲ್ಲಿ ಹಾಕಿದ್ದೆಲ್ಲ ಒಳಗೆ. ತಂಡಕ್ಕೆ ಆಯ್ಕೆಯಾದ ವಾರವೇ ಅಪ್ಪ ತುಕ್ಕು ಹಿಡಿದ ಹಳೇ ರಿಂಗನ್ನು ಕಿತ್ತು, ತಾನೇ ಬಗ್ಗಿಸಿ ಬೆಸೆದ ಹೊಸ ರಿಂಗನ್ನು ಗೋಡೆಗೆ ಕೂರಿಸಿದ್ದ. ಗೇಟು, ಕಿಟಕಿ ಸರಳು ಮಾಡುವ ವೆಲ್ಡರ್ ಅವನು. ಬಾಲು ಹೆಕ್ಕಿ ಕೊಡುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆ ಭಾನುವಾರ ಅಪ್ಪ ಅಂಗಡಿಗೆ ಹೋಗಿದ್ದ. ಹರಿದ ಬಲೆಗೆ ಅಮ್ಮ ದಾರ ಹಾಕಿ ಹೆಣೆದಿದ್ದಳು. ಸ್ಟೂಲು ತರುತ್ತೇನೆಂದು ಅವಳು ಒಳಗೆ ತಿರುಗುವಷ್ಟರಲ್ಲಿ ಮಗಳು ಒಂದು ನೆಗೆತ ನೆಗೆದು, ಒಂದು ಕೈಯಲ್ಲಿ ರಿಂಗು ಹಿಡಿದು ಜೋತುಬಿದ್ದು, ಇನ್ನೊಂದು ಕೈಯಲ್ಲಿ ಬಲೆ ಸಿಕ್ಕಿಸಿ ಇಳಿದಳು.

ಅಮ್ಮ ಅಲ್ಲೇ ನಿಂತಳು. "ಆಟದ ಹಾಲ್‌ನಲ್ಲಿ ಎಷ್ಟು ಹಾರಿದ್ರೂ ಬೆರಳ ತುದಿ ಮಾತ್ರ ತಾಗುತ್ತೆ ಅಂತಿದ್ಯಲ್ಲೇ. ಇಲ್ಲಿ ಮುಷ್ಟಿಗೇ ಸಿಗ್ತಲ್ಲ?"

ಏಣಿ ತಲೆಯೆತ್ತಿ ರಿಂಗು ನೋಡಿದಳು. ಅಮ್ಮ ಹೊಲಿಗೆ ಮೆಷಿನ್ನಿನ ಮೇಲಿದ್ದ ಟೇಪು ತಂದಳು. ಐದಡಿಯ ಟೇಪು. ನಿಯಮದಂತೆ ರಿಂಗು ನೆಲದಿಂದ ಹತ್ತಡಿ, ಎಂದರೆ ಟೇಪು ಸರಿಯಾಗಿ ಎರಡು ಸಲ ಆಗಬೇಕು. ಸ್ಟೂಲು ಹತ್ತಿ ಹಿಡಿದರೆ ಎರಡನೇ ಸಲ ಟೇಪಿನಲ್ಲಿ ಆರಿಂಚು ಮಿಕ್ಕಿತು. ರಿಂಗು ಅರ್ಧ ಅಡಿ ಕೆಳಗಿತ್ತು. ಭಾನುವಾರ ಇಡೀ ಗಿಡ್ಡ ರಿಂಗಿಗೆ ಕೈ ಪಳಗಿಸಿ, ಸೋಮವಾರ ಅದೇ ಕೈಯನ್ನು ಆಟದ ಹಾಲ್‌ಗೆ ಹೊತ್ತುಕೊಂಡು ಹೋಗುತ್ತಿದ್ದಳು. ಬಾಲು ಮುಂದಿನ ಅಂಚಿಗೆ ಬಡಿಯದೆ ಇನ್ನೇನು ಮಾಡೀತು?

"ನಿಮ್ಮಪ್ಪಂಗೆ ನಾನಂತೂ ಹೇಳಲ್ಲಮ್ಮ," ಎಂದಳು ಅಮ್ಮ. "ಆ ರಿಂಗು ಅವರಿಗೆ ಎರಡನೇ ಮಗಳು."

ಮಗಳು ಊಟದ ಹೊತ್ತಿಗೆ ಧೈರ್ಯ ಮಾಡಿ ಹೇಳಿದಳು. ಅಪ್ಪ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ತನ್ನ ಕಬ್ಬಿಣದ ಟೇಪು ಹಿಡಿದು ಅಳೆದ. ಹತ್ತಡಿ ಎಂದೇ ತೋರಿಸಿತು. ಗೆದ್ದವನಂತೆ ತಿರುಗಿದವನು ಟೇಪಿನ ತುದಿ ನೋಡಿ ತಣ್ಣಗಾದ. ಅದರ ಮೊದಲ ಅರ್ಧ ಅಡಿ ಮುರಿದು ಎಷ್ಟೋ ವರ್ಷವಾಗಿತ್ತು. ಅಂಗಡಿಯಲ್ಲಿ ಏನನ್ನು ಅಳೆದರೂ ಅರ್ಧ ಅಡಿ ಕಳೆದೇ ಲೆಕ್ಕ ಹಿಡಿಯುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಊರಿಗೆಲ್ಲ ಮಾಡಿಕೊಟ್ಟ ಗೇಟುಗಳಲ್ಲಿ ಒಂದೂ ತಪ್ಪಿರಲಿಲ್ಲ. ಮಗಳ ಆಯ್ಕೆಯ ಸಂಭ್ರಮದಲ್ಲಿ, ಅಕ್ಕಪಕ್ಕದವರೆಲ್ಲ ನಿಂತು ನೋಡುತ್ತಿರುವಾಗ, ಆ ಒಂದು ದಿನ ಮರೆತಿದ್ದ.

ಟೇಪಿನ ಮುರಿದ ತುದಿಯನ್ನು ಹೆಬ್ಬೆರಳಿನಿಂದ ಸವರಿದ. "ನಾನೇ ನಿನ್ನ ಕೆಲಸ ಕಳೀತಿದ್ನಲ್ಲೇ," ಎಂದ.

"ಕಳೆದಿಲ್ಲವಲ್ಲಪ್ಪ. ಇನ್ನೂ ಮೂರು ಸೋಮವಾರ ಇದೆ."

ಸಂಜೆಯೊಳಗೆ ರಿಂಗು ಮೇಲೇರಿತು. ಅಮ್ಮನ ಟೇಪಿನಲ್ಲೇ ಅಳತೆ. ಹಾಗೆಂದು ಅಮ್ಮನೇ ಹಟ ಹಿಡಿದಳು. ಬೆಳಕಿರುವಷ್ಟು ಹೊತ್ತು ಮಗಳು ಎಸೆದಳು, ಅಪ್ಪ ಹೆಕ್ಕಿದ.

ಮಾರನೆಯ ದಿನ ಎಂಟು ಬಿದ್ದವು. ಮುಂದಿನ ಸೋಮವಾರವೂ ಎಂಟು, ಮೂರನೆಯದಕ್ಕೆ ಒಂಬತ್ತು. ಕೋಚ್ ಪುಸ್ತಕ ಮುಚ್ಚಿ, ಮನೆಯಲ್ಲಿ ಊಟ ಬದಲಾಯಿಸಿದೆಯಾ ಎಂದು ಕೇಳಿದರು. ರಿಂಗು ಬದಲಾಯಿಸಿದೆವು ಎಂದು ಏಣಿ ನಡೆದದ್ದೆಲ್ಲ ಹೇಳಿದಾಗ ಅವರು ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಮುಂದಿನ ವರ್ಷದ ಒಪ್ಪಂದಕ್ಕೆ ಸಹಿ ಹಾಕುವ ದಿನ ಅಪ್ಪ ಅಮ್ಮ ಇಬ್ಬರೂ ಬಂದರು. ಅಮ್ಮ ಮಗಳ ಜರ್ಸಿಯ ಅಂಚು ಬಿಚ್ಚಿದೆಯೇ ಎಂದು ನೋಡುತ್ತಿದ್ದರೆ ಅಪ್ಪ ಕಾಣಲಿಲ್ಲ. ಹುಡುಕಿದರೆ ಆಟದ ಹಾಲ್‌ನಲ್ಲಿ, ರಿಂಗಿನ ಕೆಳಗೆ, ಕಾವಲುಗಾರನಿಂದ ಏಣಿ ಕೇಳಿ ಪಡೆದು, ಅದೇ ಮುರಿದ ಟೇಪು ಹಿಡಿದು ಮೇಲೆ ಹತ್ತಿದ್ದಾನೆ.

"ಹತ್ತೂವರೆ," ಎಂದು ಓದಿದ. ತುಟಿ ಅಲುಗಿಸಿ ಅರ್ಧ ಕಳೆದ. ಕೆಳಗೆ ನಿಂತಿದ್ದ ಕೋಚ್ ಕಡೆ ನೋಡಿ ತಲೆ ಆಡಿಸಿದ. "ನಿಮ್ಮದು ಸರಿಯಾಗಿದೆ ಮೇಡಂ. ಆಡಿಸಿ."