ಕೋಣೆ ಚೊಕ್ಕಟವಾದ ದಿನ

"ಇವಳು ಏಳೋದು ಯಾವಾಗ, ಸ್ಕೂಲಿಗೆ ಹೋಗೋದು ಯಾವಾಗ?"

ಬೇಕರಿಯವನ ಮನೆಯಲ್ಲಿ ಬೆಳಗಾದರೆ ಇದೇ ರಾಗ. ಹದಿನಾರರ ಮಗಳಿರುವ ಯಾವ ಮನೆಯಲ್ಲಿಲ್ಲ ಹೇಳಿ! ಬೇಕರಿಯವನೂ ಹಾಗೇ ಅಂದುಕೊಂಡಿದ್ದ.

ಆದರೆ ಅವನ ಮಗಳು ಪುಟ್ಟಿ ಮೊದಲು ಹೀಗಿರಲಿಲ್ಲ. ಸ್ಕೂಲು ಬಿಟ್ಟರೆ ನೇರ ಬೇಕರಿಗೆ ಬಂದು, ಕೈ ತೊಳೆದು, ಕೇಕುಗಳ ಮೇಲೆ ಕ್ರೀಮಿನ ಹೂ ಬಿಡಿಸುತ್ತಿದ್ದಳು. ಗಿರಾಕಿಗಳ ಜೊತೆ ಬಾಯಿಗೆ ಬಿಡುವಿಲ್ಲದ ಮಾತು. ಕೆಲವು ತಿಂಗಳಿಂದ ಎಲ್ಲ ನಿಂತುಹೋಗಿತ್ತು. ಬಾಗಿಲು ಹಾಕಿಕೊಂಡು ಮಲಗುವಳು. ಊಟಕ್ಕೆ ಕರೆದರೆ "ಹಸಿವಿಲ್ಲ." ಗೆಳತಿಯರು ಬಂದರೆ "ನಾನಿಲ್ಲ ಅಂತ ಹೇಳಮ್ಮ."

"ಒಂದ್ಸಲ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ ಕಣ್ರೀ," ಎಂದಳು ಹೆಂಡತಿ.

"ಜ್ವರ ಇದೆಯಾ? ಕೆಮ್ಮು ಇದೆಯಾ? ಇರೋದು ಸೋಮಾರಿತನ. ಅದಕ್ಯಾವ ಡಾಕ್ಟರು?"

ಹೀಗಿರುವಾಗ ಒಂದು ದಿನ ಬೇಕರಿಯ ಓವನ್ ಕೈಕೊಟ್ಟಿತು. ರಿಪೇರಿಗೆ ಬಂದವನು ಫ್ಯೂಸಣ್ಣ. ಅದೇ ಬೀದಿಯ ಎಲೆಕ್ಟ್ರಿಷಿಯನ್, ಬೇಕರಿಯವನ ಹಳೇ ದೋಸ್ತ. ಇವನು ಮುಟ್ಟಿದರೆ ಕರೆಂಟಿಗೇ ಕಚಗುಳಿ ಆಗುತ್ತೆ ಅಂತ ಜನ ಹೇಳುವಷ್ಟು ತಮಾಷೆಯ ಮನುಷ್ಯ.

ಬೇಕರಿಯವನು ಅವತ್ತು ಖುಷಿಯಲ್ಲಿದ್ದ. "ನಮ್ಮ ಪುಟ್ಟಿಗೆ ಕೊನೆಗೂ ಬುದ್ಧಿ ಬಂತು ಕಣೋ. ನಿನ್ನೆ ಕೋಣೆ ಗುಡಿಸಿ ಚೊಕ್ಕಟ ಮಾಡಿದ್ದಾಳೆ. ಹೂ ಬಿಡಿಸೋ ಸಾಮಾನು, ಅವಳಿಷ್ಟದ ಸ್ವೆಟರು, ಎಲ್ಲ ಗೆಳತಿಯರಿಗೆ ಕೊಟ್ಟುಬಿಟ್ಟಳು. 'ನನಗಿನ್ನು ಬೇಡಪ್ಪ' ಅಂದ್ಲು. ಮುಖಾನೂ ಶಾಂತವಾಗಿದೆ. ಬೆಳಗ್ಗೆ ಬಂದು, 'ನಾನು ಬೇಜಾರು ಮಾಡಿದ್ದೆಲ್ಲ ಮರೆತುಬಿಡು' ಅಂದ್ಲು ನೋಡು!"

ಫ್ಯೂಸಣ್ಣ ನಗಲಿಲ್ಲ. ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಎಲ್ಲಿದ್ದಾಳೆ ಈಗ?"

"ಮೇಲೆ. ಮನೇಲಿ. ಅವಳಮ್ಮನೂ ಅಲ್ಲೇ ಇದ್ದಾಳೆ. ಯಾಕೋ?"

"ಅವಳ ವಯಸ್ಸಲ್ಲಿ ನನಗೂ ಹೀಗೇ ಆಗಿತ್ತು. ಎದೆ ಮೇಲೆ ಯಾರೋ ಕೂತ ಹಾಗೆ. ಬದುಕೋದೇ ಬೇಡ ಅನ್ನಿಸಿ, ನನ್ನ ಸೈಕಲ್ಲನ್ನ ತಮ್ಮನಿಗೆ ಕೊಟ್ಟೆ. ಹುಡುಗ ಸುಧಾರಿಸಿದ ಅಂತ ಮನೆಯವರು ಸಂತೋಷಪಟ್ಟರು. ಅನುಮಾನ ಬಂದಿದ್ದು ನಮ್ಮಕ್ಕ ಒಬ್ಬಳಿಗೆ. ಬಂದು ನೇರ ಕೇಳಿದ್ಲು. ಅದಕ್ಕೇ ಇವತ್ತು ನಿನ್ನ ಮುಂದೆ ನಿಂತಿದ್ದೀನಿ."

"ನೀನಾ?" ಬೇಕರಿಯವನಿಗೆ ನಂಬಲಾಗಲಿಲ್ಲ. "ಊರನ್ನೇ ನಗಿಸೋ ನೀನಾ?"

"ನಾನೇ. ಇದು ಕಾಯಿಲೆ ಕಣೋ. ಖಿನ್ನತೆ ಅಂತಾರೆ. ಸೋಮಾರಿತನ ಅಲ್ಲ, ಸೊಕ್ಕೂ ಅಲ್ಲ. ಚಿಕಿತ್ಸೆ ಇದೆ. ಹೋಗು, ಈಗಲೇ ಕೇಳು, ಸಾಯ್ಬೇಕು ಅನ್ನಿಸ್ತಿದೆಯಾ ಅಂತ."

"ಅಯ್ಯೋ, ಹಾಗೆ ಬಾಯಿಬಿಟ್ಟು ಕೇಳೋದಾ? ಇಲ್ಲದ್ದನ್ನ ನಾವೇ ತಲೆಗೆ ತುಂಬಿದ ಹಾಗಾಗಲ್ವಾ?"

"ಇಲ್ಲ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಒಳಗಿದ್ರೆ ಹೇಳ್ಕೊಳ್ಳೋಕೆ ದಾರಿ ಆಗುತ್ತೆ. ಬೈಬೇಡ, ಬುದ್ಧಿ ಹೇಳಬೇಡ. ಕೇಳಿ, ಪಕ್ಕದಲ್ಲಿ ಕೂತ್ಕೋ."

ಬೇಕರಿಯವನು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿದ. ಪುಟ್ಟಿ ಖಾಲಿ ಮೇಜಿನ ಮುಂದೆ ಕೂತಿದ್ದಳು. ಅವನು ನೆಲದ ಮೇಲೆ ಕೂತ.

"ಪುಟ್ಟಿ, ಸಾಯ್ಬೇಕು ಅನ್ನಿಸ್ತಿದೆಯಾ ಮಗಳೇ?"

ಬಾಗಿಲಲ್ಲಿದ್ದ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಪುಟ್ಟಿ ಉಗುರಿನಿಂದ ಮೇಜಿನ ಅಂಚು ಕೆರೆದಳು. ಆಮೇಲೆ "ಹೂಂ" ಎಂದಳು. ಒಮ್ಮೆ ಹೂಂ ಅಂದಮೇಲೆ ಉಳಿದದ್ದು ತಾನಾಗಿ ಬಂತು.

"ಹಲ್ಲುಜ್ಜೋದೂ ಬೆಟ್ಟ ಹತ್ತಿದ ಹಾಗಾಗುತ್ತಪ್ಪ. ನೀನು ಸೋಮಾರಿ ಅಂದೆಯಲ್ಲ, ಇರಬೇಕು ಅಂತ ನಾನೂ ನಂಬಿಬಿಟ್ಟೆ. ನಾನಿಲ್ಲದಿದ್ರೆ ನಿಮಗೆಲ್ಲ ಹಗುರ ಅನ್ನಿಸ್ತು."

'ನಿನಗೇನು ಕಮ್ಮಿ ಮಾಡಿದ್ವಿ' ಎನ್ನುವ ಮಾತು ಅವನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ.

"ಹೇಳಿದ್ದು ಒಳ್ಳೇದಾಯ್ತು. ನಾನೇ ತಪ್ಪು ತಿಳ್ಕೊಂಡಿದ್ದೆ. ಡಾಕ್ಟರ್ ಹತ್ರ ಹೋಗೋಣ, ಈಗಲೇ. ಅಲ್ಲೀವರೆಗೆ ನಿನ್ನ ಪಕ್ಕ ಬಿಟ್ಟು ಕದಲಲ್ಲ."

ಬೇಕರಿಯ ಶಟರ್ ಎಳೆದು ಅಪ್ಪ, ಅಮ್ಮ, ಮಗಳು ಮೂವರೂ ಹೊರಟರು. ಡಾಕ್ಟರಮ್ಮ ಮೊದಲು ಪುಟ್ಟಿಯೊಬ್ಬಳ ಜೊತೆ ಮಾತಾಡಿದರು, ಆಮೇಲೆ ಮೂವರ ಜೊತೆಗೂ. ಸದ್ಯಕ್ಕೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಇಡಿ ಎಂದರು. ವಾರವಾರ ಆಪ್ತ ಸಲಹೆಗೆ ಬರಲು ಹೇಳಿ, ಮಾತ್ರೆ ಬರೆದರು. ಅದನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಎಂದೂ ಎಚ್ಚರಿಸಿದರು.

"ಎಷ್ಟು ದಿನಕ್ಕೆ ಸರಿಹೋಗ್ತಾಳೆ ಡಾಕ್ಟ್ರೇ?"

"ಓವನ್‌ಗೆ ಟೈಮ್ ಇಟ್ಟ ಹಾಗೆ ಹೇಳೋಕಾಗಲ್ಲ. ಆದರೆ ಸುಧಾರಿಸ್ತಾಳೆ."

ಸುಧಾರಿಸಿದ್ದು ನಿಧಾನವಾಗಿಯೇ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಪುಟ್ಟಿ ಏಳಲಾಗದ ದಿನ ಅಪ್ಪ ಬೈಯಲಿಲ್ಲ; ಬಿಸಿ ಬ್ರೆಡ್ಡು ತಂದು ಪಕ್ಕದಲ್ಲಿ ಕೂತ. ಗೆಳತಿಯೊಬ್ಬಳು ಸ್ಕೂಲಿಗೆ ಜೊತೆಯಾದಳು. ಒಂದು ಸಂಜೆ ಊಟದ ನಡುವೆ ಪುಟ್ಟಿ, "ಅಮ್ಮ, ಇನ್ನೊಂಚೂರು ಹಾಕು," ಎಂದಳು. ಅಮ್ಮ ಬಡಿಸಿ, ಕಣ್ಣೀರು ಕಾಣದಿರಲೆಂದು ಒಲೆಯ ಕಡೆ ತಿರುಗಿಕೊಂಡಳು.

ಈಗ ಯಾರಾದರೂ ಗಿರಾಕಿ, "ನಮ್ಮ ಹುಡುಗ ಬರೀ ಸೋಮಾರಿ, ಯಾರ ಜೊತೆಗೂ ಸೇರಲ್ಲ," ಎಂದರೆ ಬೇಕರಿಯವನು ಬ್ರೆಡ್ಡು ಕಟ್ಟುವ ಕೈ ನಿಲ್ಲಿಸುತ್ತಾನೆ. "ಎಷ್ಟು ದಿನದಿಂದ? ಮಾತಾಡಿಸಿದ್ರಾ?" ಎಂದು ಕೇಳುತ್ತಾನೆ.

ನಿಮ್ಮ ಮನೆಯಲ್ಲೂ ಮಗುವೊಂದು ವಾರಗಟ್ಟಲೆ ಮಂಕಾಗಿದೆಯೇ? ತನ್ನ ಪ್ರೀತಿಯ ವಸ್ತುಗಳನ್ನು ಹಂಚುತ್ತಿದೆಯೇ? ಬೈಯಬೇಡಿ, ಸುಮ್ಮನೆ ಕಾದು ಕೂರಬೇಡಿ. ನೇರವಾಗಿ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಡಾಕ್ಟರ ಬಳಿ ಕರೆದೊಯ್ಯಿರಿ, ಇಲ್ಲವೇ ಮಾನಸಿಕ ಆರೋಗ್ಯ ಸಹಾಯವಾಣಿಗೆ (14416) ಫೋನ್ ಮಾಡಿ. ಇದನ್ನು ಓದುತ್ತಿರುವ ಮಗು ನೀನೇ ಆಗಿದ್ದರೆ, ನಂಬಿಕೆಯ ಒಬ್ಬರಿಗೆ ಇವತ್ತೇ ಹೇಳು. ಅವರಿಗೆ ಅರ್ಥವಾಗದಿದ್ದರೆ ಇನ್ನೊಬ್ಬರಿಗೆ ಹೇಳು. ನೀನು ಯಾರಿಗೂ ಭಾರ ಅಲ್ಲ.