ಒಂದೇ ನೀರು

ಮನೆಗಳ ನಕ್ಷೆ ಬರೆಯುವ ಅಕ್ಕನಿಗೆ ಅವಳ ತಮ್ಮನು ಹೊಸ ಬಚ್ಚಲುಮನೆಯ ಕೆಲಸ ಒಪ್ಪಿಸಿದಾಗ ಅವಳು ಜಪಾನಿನ ಪದ್ಧತಿಯೇ ಆಗಬೇಕೆಂದು ಪಟ್ಟು ಹಿಡಿದಳು. ಮೊದಲು ಮಣೆಯ ಮೇಲೆ ಕೂತು ಸೋಪು ಹಚ್ಚಿ ಮೈ ತೊಳೆಯಬೇಕು, ಚೂರೂ ನೊರೆ ಉಳಿಯಬಾರದು. ಆಮೇಲೆ ಕುತ್ತಿಗೆಮಟ್ಟದ ಬಿಸಿನೀರಿನ ತೊಟ್ಟಿಗೆ ಇಳಿದು ಸುಮ್ಮನೆ ಕೂರಬೇಕು. ಒಬ್ಬರಾದ ಮೇಲೆ ಒಬ್ಬರಂತೆ ಮನೆಮಂದಿಗೆಲ್ಲ ಅದೇ ನೀರು.

ಅವಳಿಗೆ ಬೇಕಾಗಿದ್ದದ್ದು ಈ ಕೊನೆಯ ಮಾತು. ಹದಿನಾರನೆಯ ವಯಸ್ಸಿನಿಂದ ಅವಳ ಬೆನ್ನು, ಮೊಣಕೈಯ ಚರ್ಮ ಕೆಂಪಗೆ ಎದ್ದು ಹೊಟ್ಟುಹೊಟ್ಟಾಗಿ ಉದುರುತ್ತಿತ್ತು. ಅಂಟುವ ರೋಗವಲ್ಲ ಎಂದು ಮೂವರು ಡಾಕ್ಟರು ಹೇಳಿದ್ದರು. ಮನೆಯವರು ತಲೆಯಾಡಿಸಿದ್ದರು. ತಲೆಯಾಡಿಸುವುದಕ್ಕೇನು ಖರ್ಚು? ಅವಳ ಬಕೆಟ್ಟು ಬೇರೆ, ಟವೆಲ್ಲು ಬೇರೆ, ಬಟ್ಟೆ ಒಗೆಯುವ ದಿನವೂ ಬೇರೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಯವಾಗಿ ಅವಳನ್ನು ಬೇರೆ ಇಟ್ಟಿದ್ದರು.

ಈ ನಲವತ್ತೆಂಟನೆಯ ವಯಸ್ಸಿನಲ್ಲಿ ಒಂದು ಸಲವಾದರೂ ತನ್ನವರು ತಾನಿಳಿದ ನೀರಿಗೆ ಇಳಿಯಲಿ ಎಂಬುದಷ್ಟೇ ಅವಳ ಆಸೆ.

ತೊಟ್ಟಿ ತುಂಬಿದ ಮೊದಲ ಸಂಜೆ ತಮ್ಮ, "ನೀನೇ ಶುರು ಮಾಡಕ್ಕ, ನಿಂದೇ ಕೈಕೆಲಸ" ಎಂದ. ಮಣೆಯ ಮೇಲೆ ಕೂತು ಅವಳು ಚರ್ಮ ಉರಿಯುವಷ್ಟು ಮೂರು ಸಲ ಉಜ್ಜಿಕೊಂಡಳು. ತೊಟ್ಟಿಯಲ್ಲಿ ಕೂತಾಗ ಎದೆ ಹಗುರಾಯಿತು. ಎದ್ದ ಮೇಲೆ ಒಂದು ಹೊಟ್ಟಾದರೂ ತೇಲುತ್ತಿದೆಯೇ ಎಂದು ದೀಪ ಹಿಡಿದು ಹುಡುಕಿದಳು. ಕಡಿಮೆಯಾದಷ್ಟು ಬಿಸಿನೀರು ಬಿಟ್ಟು ಅಂಚಿಗೆ ಸಮ ಮಾಡಿ ಹೊರಗೆ ಬಂದಳು.

"ಮುಂದೆ ಯಾರು?"

ತಮ್ಮನ ಹೆಂಡತಿ ಫೋನಿನಿಂದ ತಲೆಯೆತ್ತಲಿಲ್ಲ. "ನಂದು ಬೆಳಗ್ಗೆನೇ ಆಯ್ತು ಅತ್ತಿಗೆ."

"ನನ್ನ ಮಂಡಿ ಗೊತ್ತಲ್ಲ ನಿಂಗೆ" ಎಂದಳು ಅಮ್ಮ. ಆ ಮಂಡಿಗೆಂದೇ ಅಕ್ಕ ಎರಡು ಮೆಟ್ಟಿಲು ಕಟ್ಟಿಸಿದ್ದಳು. ಬಾರದವಳಿಗೆ ಮೆಟ್ಟಿಲಿದ್ದರೇನು, ಬಿಟ್ಟರೇನು!

ಕೊನೆಗೆ ತಮ್ಮ ಎದ್ದ. "ನಾನು ಹೋಗ್ತೀನಿ ಬಿಡು."

ಅಕ್ಕನ ಕಣ್ಣು ತುಂಬಿತು. ಬಾಗಿಲ ಹೊರಗೇ ನಿಂತಳು. ಅಂಚಿಗೆ ಸಮವಾಗಿ ತುಂಬಿದ ತೊಟ್ಟಿಗೆ ಯಾರು ಇಳಿದರೂ ನೀರು ಉಕ್ಕಿ ಭೋರೆಂದು ನೆಲದ ಜಾಲರಿಗೆ ಸುರಿಯಲೇಬೇಕು. ಅದರಲ್ಲೂ ತಮ್ಮ ಅವಳಿಗಿಂತ ಇಮ್ಮಡಿ ಗಾತ್ರದವನು.

ನಲ್ಲಿ ಬಿಟ್ಟ ಸದ್ದಾಯಿತು. ಚೊಂಬಿನಿಂದ ಮೈಮೇಲೆ ನೀರು ಹುಯ್ದುಕೊಂಡ ಸದ್ದಾಯಿತು. ಮತ್ತೆ ಚೊಂಬು, ಮತ್ತೆ ಚೊಂಬು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ನೀರು ಉಕ್ಕಲಿಲ್ಲ. ಒಳಗೆ ಅವನು ಸುಮ್ಮನೆ ನಿಂತು ಹೊತ್ತು ಕಳೆಯುತ್ತಿದ್ದಾನೆಂದು ಅವಳಿಗೆ ತಿಳಿಯಿತು.

ತಲೆ ಒರೆಸಿಕೊಳ್ಳುತ್ತ ಬಂದ. "ಸ್ವರ್ಗ ಕಣಕ್ಕ! ಏಳೋಕೇ ಮನಸ್ಸು ಬರ್ಲಿಲ್ಲ."

"ನೀರು ಎಲ್ಲೀವರೆಗೆ ಬಂತೋ?"

"ಕುತ್ತಿಗೆವರೆಗೂ."

"ಹಾಗಾದ್ರೆ ಅಳತೆ ಸರಿಯಾಗಿದೆ" ಎಂದಳು.

ಅವನು ಸುಳ್ಳು ಹೇಳಿದ್ದು ಅವಳ ಮೇಲಿನ ಅಕ್ಕರೆಯಿಂದಲೇ. ಅದೇ ಅವಳಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ, ತೋಳು ಮುಳುಗಿಸಿ, ತೊಟ್ಟಿಯ ಬಿರಡೆ ಕಿತ್ತಳು.

ಹೊರಗಿನಿಂದ ತಮ್ಮನ ಹೆಂಡತಿ ಮೆತ್ತಗೆ ಕೂಗಿದಳು. "ಅತ್ತಿಗೆ, ಹೇಗೂ ನೀರು ಬಿಡ್ತಿದ್ದೀರಲ್ಲ, ಒಂಚೂರು ಫಿನಾಯಿಲ್ ಹಾಕಿ ಉಜ್ಜಿಬಿಡಿ."

"ಆಯ್ತಮ್ಮ" ಎಂದು ಅವಳು ಬ್ರಷ್ಷಿಗೆ ಕೈಹಾಕಿದಳು.